ಲಾರಿ ನೆರಳಿನ ಹುರುಳಿಸಾರು

ಸೀಮೆಎಣ್ಣೆ ಸ್ಟೌವಿನ ವಾಸನೆ ಯಾರಿಗೂ ಇಷ್ಟವಾಗುವಂಥದ್ದಲ್ಲ. ಆದರೆ ಅದಕ್ಕೆ ಹುರಿದ ಹುರುಳಿಕಾಳಿನ ವಾಸನೆ, ಬಿಸಿಲಿಗೆ ಕಾದ ಟೈರಿನ ವಾಸನೆ, ಹಲಗೆಗೆ ಅಂಟಿ ಕರಗಿದ ಬೆಲ್ಲದ ವಾಸನೆ ಇಷ್ಟೂ ಸೇರಿಬಿಟ್ಟರೆ ನನಗೆ ಈಗಲೂ ಹಸಿವಾಗುತ್ತದೆ. ಮೊನ್ನೆ ಬಸ್ಸಿನಲ್ಲಿ ಶ್ರೀರಂಗಪಟ್ಟಣ ದಾಟುವಾಗ, ರಸ್ತೆಬದಿ ನಿಂತಿದ್ದ ಲಾರಿಯ ಮರೆಯಲ್ಲಿ ಇಬ್ಬರು ಕುಕ್ಕರುಗಾಲಲ್ಲಿ ಕೂತು ಏನೋ ಬೇಯಿಸುತ್ತಿದ್ದರು. ಕಿಟಕಿಯಿಂದ ಆ ವಾಸನೆ ಒಳಗೆ ಬಂದು ಹೋಯಿತು, ಅಷ್ಟೆ. ಪಕ್ಕದ ಸೀಟಿನ ಹೆಂಗಸು ಮೂಗಿಗೆ ಸೆರಗು ಹಿಡಿದರು. ನಾನು ಇಳಿಯಬೇಕಾದ ಸ್ಟಾಪು ಮರೆತು ಮುಂದಿನದರಲ್ಲಿ ಇಳಿದೆ. ನಿಮಗೂ ಇಂಥ ಒಂದು ವಾಸನೆ ಇದ್ದೇ ಇರುತ್ತದೆ, ಬೇರೆಯವರಿಗೆ ಹೇಳಹೋದರೆ ಅವರು ಮೂಗು ಮುಚ್ಚಿಕೊಳ್ಳುವಂಥದ್ದು.

ನಮ್ಮದು ನಾಗಮಂಗಲ ತಾಲ್ಲೂಕು, ಬಿಂಡಿಗನವಿಲೆಗೆ ಹತ್ತಿರದ ಒಂದು ಊರು. ಹೆಂಚಿನ ಮನೆ. ಒಳಗೆ ಅಜ್ಜಿ, ಅಮ್ಮ, ನಾನು. ತಿಂಗಳಲ್ಲಿ ನಾಲ್ಕೈದು ದಿನ ಅಪ್ಪ. ಅಪ್ಪ ಬೆಲ್ಲದ ಲಾರಿಯ ಡ್ರೈವರು. ಕೆ.ಆರ್. ಪೇಟೆಯಲ್ಲಿ ಅರ್ಧ ಲೋಡು, ಪಾಂಡವಪುರದಲ್ಲಿ ಇನ್ನರ್ಧ ತುಂಬಿಸಿಕೊಂಡು, ಶ್ರೀರಂಗಪಟ್ಟಣದಲ್ಲಿ ದೊಡ್ಡ ರಸ್ತೆ ಹಿಡಿದರೆ ಮಹಾರಾಷ್ಟ್ರ, ಗುಜರಾತು ಅಂತ ಹೊರಟುಬಿಡುತ್ತಿದ್ದ. ತೊಂಬತ್ತರ ದಶಕದ ನಡುವಿನ ಮಾತಿದು. ಅಡುಗೆಮನೆ ಪೂರ್ತಿ ಅಜ್ಜಿಯದು. ಅಮ್ಮನಿಗೇ ಅಲ್ಲಿ ಸೌಟು ಹಿಡಿಯಲು ಅಪ್ಪಣೆ ಬೇಕಿತ್ತು ಅಂದಮೇಲೆ ಗಂಡಸರು ಹೊಸಿಲು ದಾಟುವ ಮಾತೇ ಇರಲಿಲ್ಲ. ನಮ್ಮ ಕಡೆ ಕೊಳವೆಬಾವಿಯ ನೀರು ಗಡಸು. ಕುಡಿಯಬಹುದು, ಬಟ್ಟೆ ಒಗೆಯಬಹುದು, ಆದರೆ ಅದರಲ್ಲಿ ಬೇಳೆಕಾಳು ಬೇಯುವುದಿಲ್ಲ. ಅದಕ್ಕೇ ಅಮ್ಮ ದಿನಾ ಬೆಳಿಗ್ಗೆ ಊರಾಚೆಯ ಸೀನೀರ ಬಾವಿಯಿಂದ ಎರಡು ಕೊಡ ತಂದು ಒಲೆಯ ಪಕ್ಕ ಬೇರೆಯಾಗಿ ಇಡುತ್ತಿದ್ದಳು. ಒಂಬತ್ತು ವರ್ಷದ ನನಗೆ ಇದೆಲ್ಲ ದೊಡ್ಡವರ ಗೋಜಲು. ನೀರೆಂದರೆ ನೀರು.

ಹಿಂದಿನ ವರ್ಷ ಅಪ್ಪನಿಗೆ ಕಾಮಾಲೆ ಬಂದಿತ್ತು. ದಾರಿಯ ಊಟವೇ ಕಾರಣ ಅಂತ ಅಜ್ಜಿ ತೀರ್ಮಾನಿಸಿಬಿಟ್ಟಿದ್ದಳು. ಮೂರು ವಾರ ಮಗನನ್ನು ಮುಂದೆ ಕೂರಿಸಿಕೊಂಡು ಗಂಜಿ ಕುಡಿಸಿದ ಮೇಲೆ ಅವಳ ಹಟ ಒಂದೇ: ಲಾರಿ ಬಿಡು, ಹೊಲ ಉಳು. ಅಪ್ಪನಿಗೆ ಹೊಲದಲ್ಲಿ ನಿಂತರೆ ಕಾಲು ಕಟ್ಟಿಹಾಕಿದಂತೆ. ಮೈ ಸರಿಹೋದದ್ದೇ ಮತ್ತೆ ಲಾರಿ ಹತ್ತಿದ. ಆದರೆ ಆವತ್ತಿನಿಂದ ದಾರಿಯಲ್ಲಿ ಹೋಟೆಲಿಗೆ ಹೋಗದೆ ತಾನೇ ಬೇಯಿಸಿಕೊಳ್ಳತೊಡಗಿದ. ಟೂಲ್ ಬಾಕ್ಸಿನ ಒಂದು ಖಾನೆಯಲ್ಲಿ ಜಾಕಿ, ಸ್ಪ್ಯಾನರು. ಇನ್ನೊಂದರಲ್ಲಿ ಸ್ಟೌವು, ಅಲ್ಯುಮಿನಿಯಂ ಡಬರಿ, ಮುದ್ದೆಕೋಲು, ಕಲ್ಲಿನ ಪುಟ್ಟ ಕುಟ್ಟಾಣಿ, ಹಾರ್ಲಿಕ್ಸ್ ಬಾಟಲಿಯಲ್ಲಿ ಸಾರಿನ ಪುಡಿ. ಹೋಗುವಾಗಲೂ ಬರುವಾಗಲೂ ಶ್ರೀರಂಗಪಟ್ಟಣದಲ್ಲಿ ಹೊಳೆಗಿಳಿದು ಒಂದು ದೊಡ್ಡ ಕ್ಯಾನು ಕಾವೇರಿ ನೀರು ತುಂಬಿಸಿಕೊಳ್ಳುತ್ತಿದ್ದ. ಅದು ಅಡುಗೆಗೆ ಮಾತ್ರ. ಇಷ್ಟನ್ನೂ ಅವನು ಅಜ್ಜಿಗೆ ಹೇಳಿದ. ಅವಳು ನಂಬಲಿಲ್ಲ.

"ನೀನು? ಬೇಯ್ಸದು? ಒಲೆಗೆ ಯಾವ ಕಡೀಂದ ಸೌದೆ ಇಡ್ಬೇಕು ಅಂತ ಗೊತ್ತೇನ್ಲಾ ನಿಂಗೆ?"

"ಸ್ಟೌವಿಗೆ ಸೌದೆ ಇಡಂಗಿಲ್ಲ ಕಣವ್ವ."

"ನೋಡ್ದಾ, ಸೌದೇನೂ ಇಲ್ದೆ ಬೇಯಿಸ್ತಾನಂತೆ. ಬುಡು ಬುಡು, ಓಟ್ಲಲ್ಲಿ ತಿನ್ಕಂಡು ಬಂದ್ಬುಟ್ಟು ನನ್ ಮುಂದೆ ಕತೆ ಕಟ್ಬೇಡ."

ಹೀಗೆ ಮಾತಿಗೆ ಮಾತು ಬೆಳೆದು ಆ ಬೇಸಿಗೆಯಲ್ಲಿ ಒಂದು ಪಂದ್ಯವೇ ಏರ್ಪಟ್ಟಿತು. ಅಜ್ಜಿ ತಾನೇ ಲಾರಿ ಹತ್ತಿ ಶ್ರೀರಂಗಪಟ್ಟಣದವರೆಗೆ ಬರುವುದು. ದಾರಿಯಲ್ಲಿ ಅಪ್ಪ ಅವಳಿಗೆ ಹುರುಳಿಕಾಳು ಸಾರು, ಮುದ್ದೆ ಮಾಡಿ ಹಾಕುವುದು. "ಎರಡು ಮುದ್ದೆ ಇಳುದ್ರೆ ನಿನ್ ಲಾರಿ ನಿಂಗೆ. ಇಳೀನಿಲ್ಲ ಅಂದ್ರೆ ಈ ಲೋಡು ಇಳಿಸ್ಬುಟ್ಟು ಬಂದು ನೇಗ್ಲು ಇಡಿ" ಅಂದಳು. ಅಪ್ಪ ಒಪ್ಪಿಕೊಂಡ. ಅಜ್ಜಿ ಒಂದು ಮಾತು ಹೇಳಿದರೆ ಅದನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ಯಾರೂ ಕಂಡವರಿರಲಿಲ್ಲ. ಅಪ್ಪ ಅವಳಿಗೆ ಕೊಟ್ಟ ಮಾತು ಮುರಿದದ್ದನ್ನೂ ಕಂಡಿರಲಿಲ್ಲ. ಆ ರಾತ್ರಿ ಅಮ್ಮ ಮೂರು ಸಲ ನನಗೆ ಹೇಳಿದಳು, ನಾಳೆ ಅಪ್ಪನ ಕೈಗೆ ಒದಗಿ ಬಾ ಅಂತ. ವಾಪಸು ಬಸ್ಸಿನಲ್ಲಿ ಅಜ್ಜಿಗೆ ಜೊತೆಯಾಗಲು ನನ್ನನ್ನೂ ಹೊರಡಿಸಿದ್ದರು.

ಅಜ್ಜಿಯನ್ನು ಲಾರಿಗೆ ಹತ್ತಿಸಲು ಮನೆಯ ಬೆಂಚು ತರಬೇಕಾಯಿತು. ಕ್ಲೀನರ್ ಸಿದ್ದಣ್ಣ ಅಪ್ಪನಿಗಿಂತ ಹತ್ತು ವರ್ಷ ದೊಡ್ಡವನು, ಡ್ರೈವರಾಗಲು ಎಂದೂ ಆಸೆಪಡದ ಸುಖಜೀವಿ. ಅವನು ಮೇಲಿನಿಂದ ಕೈ ಕೊಟ್ಟು, "ಬಲಗಾಲು ಮೊದ್ಲು ಇಡವ್ವ, ಹೊಸ ಸೊಸೆಯಂಗೆ" ಅಂದ. "ನಿನ್ನ ಬಾಯ್ಗೆ ಮಣ್ಣಾಕ" ಅನ್ನುತ್ತ ಅಜ್ಜಿ ಬಲಗಾಲನ್ನೇ ಇಟ್ಟಳು. ಕೂತ ಮೇಲೆ ಎಲೆಅಡಿಕೆ ಚೀಲವನ್ನು ಗೇರಿನ ಕಂಬಿಗೆ ತಗುಲಿಸಲು ಹೋದಳು. ಅಪ್ಪ ಅದನ್ನು ಮೆಲ್ಲಗೆ ತೆಗೆದು ಕನ್ನಡಿಗೆ ತಗುಲಿಸಿದ. ಎದುರಿನಿಂದ ಬಸ್ಸು ಬಂದಾಗಲೆಲ್ಲ ಅವಳು ಕಾಲನ್ನು ನೆಲಕ್ಕೆ ಒತ್ತಿ ತಾನೇ ಬ್ರೇಕು ಹಾಕುತ್ತಿದ್ದಳು. ಕೆ.ಆರ್. ಪೇಟೆಗೆ ಬರುವ ಹೊತ್ತಿಗೆ ಭಯ ಹೋಗಿ ಗತ್ತು ಬಂದಿತ್ತು. ಮೇಲೆ ಕೂತವಳಿಗೆ ದಾರಿಯ ಗದ್ದೆಗಳೆಲ್ಲ ತನ್ನವೇ ಅನ್ನಿಸಿ, ಯಾರ ಕಬ್ಬು ಸೊರಗಿದೆ, ಯಾರ ಎಮ್ಮೆ ಬಡಕಲು ಎಂದು ಪಾಂಡವಪುರದವರೆಗೂ ತೀರ್ಪು ಕೊಡುತ್ತಲೇ ಬಂದಳು.

ಪಾಂಡವಪುರದಲ್ಲಿ ಬೆಲ್ಲ ತುಂಬಿಸುವುದು ತಡವಾಯಿತು. ಅಪ್ಪ, ಸಿದ್ದಣ್ಣ ಇಬ್ಬರೂ ಹಿಂದೆ ಹಗ್ಗ ಬಿಗಿಯುತ್ತಿದ್ದರು. ಅಜ್ಜಿ ಒಳಗೆ ತೂಕಡಿಸುತ್ತಿದ್ದಳು. ಕೈಗೆ ಒದಗಬೇಕೆಂಬ ಅಮ್ಮನ ಮಾತು ನನ್ನ ತಲೆಯಲ್ಲಿ ಕೂತಿತ್ತು. ಲಾರಿಯ ಪಕ್ಕದ ಕ್ಯಾನಿನ ಮುಚ್ಚಳ ತೆಗೆದು ನೋಡಿದೆ. ಹೋದ ಸಲ ಬರುವಾಗ ತುಂಬಿದ್ದ ಹೊಳೆಯ ನೀರು, ಒಂದು ಹುಣಸೆಲೆ ತೇಲುತ್ತಿತ್ತು, ತಳದಲ್ಲಿ ಚೂರು ಮರಳು. ಇಂಥ ನೀರಲ್ಲಿ ಮಾಡಿದರೆ ಅಜ್ಜಿ ತಿಂದಾಳೆಯೇ ಅನ್ನಿಸಿತು. ಅಷ್ಟನ್ನೂ ಮೋರಿಗೆ ಬಗ್ಗಿಸಿ, ಎದುರಿನ ಕೊಳವೆಬಾವಿಯ ಪಂಪು ಒತ್ತಿ ಚೆಂಬಿನಲ್ಲಿ ಹೊತ್ತು ಹೊತ್ತು ಕ್ಯಾನು ತುಂಬಿಸಿದೆ. ಗಾಜಿನಂಥ ನೀರು. ತೋಳು ನೋಯುತ್ತಿತ್ತು, ಎದೆ ಹಿಗ್ಗುತ್ತಿತ್ತು.

ಊರು ದಾಟಿ ಮೂರು ಮೈಲಿಗೆ ಹೊಂಗೆಮರಗಳ ಸಾಲಿನಲ್ಲಿ ಅಪ್ಪ ಲಾರಿ ನಿಲ್ಲಿಸಿದ. ಗಾಳಿಗೆ ತಗಡು ಮರೆಯಿಟ್ಟು ಸ್ಟೌವು ಹಚ್ಚಿದ. ಅಜ್ಜಿ ಚಕ್ಕಳಮಕ್ಕಳ ಹಾಕಿ ಎದುರಿಗೇ ಕೂತಳು, ಪರೀಕ್ಷೆಯ ಮೇಲ್ವಿಚಾರಕಿಯ ಹಾಗೆ. ಹುರುಳಿಯನ್ನೂ ಅವಳೇ ಮನೆಯಿಂದ ಕಟ್ಟಿ ತಂದಿದ್ದಳು, ಹೋದ ವರ್ಷದ್ದು, ಒಣಗಿ ಕಲ್ಲಾದದ್ದು. ಅಪ್ಪ ಅದನ್ನು ಕಪ್ಪಾಗದಂತೆ ಹದವಾಗಿ ಹುರಿದ. ವಾಸನೆ ಎದ್ದಾಗ ಅಜ್ಜಿಯ ಮೂಗು ಒಂದು ಸಲ ಅರಳಿದ್ದನ್ನು ನಾನು ನೋಡಿದೆ. ನೀರು ಹಾಕಿ ಮುಚ್ಚಿದ. ಈರುಳ್ಳಿ ಹೆಚ್ಚಿದ, ಬೆಳ್ಳುಳ್ಳಿ ಸುಲಿದ. ಆ ಸ್ಟೇರಿಂಗು ತಿರುಗಿಸುವ ದಪ್ಪ ಬೆರಳುಗಳು ಅಷ್ಟು ಚುರುಕಾಗಿ ಬೆಳ್ಳುಳ್ಳಿ ಸಿಪ್ಪೆ ಬಿಡಿಸಬಲ್ಲವೆಂದು ಯಾರೂ ಎಣಿಸುವಂತಿರಲಿಲ್ಲ.

ಅರ್ಧ ಗಂಟೆಯಾಯಿತು. ಕಾಳು ತೆಗೆದು ಹಿಚುಕಿದ. ಕಲ್ಲು. ಸ್ಟೌವಿಗೆ ಪಂಪು ಹೊಡೆದು ಉರಿ ಏರಿಸಿದ. ಮತ್ತೆ ಅರ್ಧ ಗಂಟೆ. ಲಾರಿಯ ನೆರಳು ಅಜ್ಜಿಯ ಕಾಲಿನಿಂದ ಪಕ್ಕಕ್ಕೆ ಸರಿಯಿತು. ಒಂದು ಕಾಳನ್ನು ತಾನೇ ತೆಗೆದು ಹಲ್ಲಿಗಿಟ್ಟು, ಟಕ್ಕನೆ ಸದ್ದು ಮಾಡಿ, "ಲೋ ಸಿದ್ದ, ಇದ್ನ ಗೋಲಿ ಆಡಕೆ ಇಟ್ಕಳ್ಳ ಮಗ" ಅಂದಳು. ಸಿದ್ದಣ್ಣ ಅಪ್ಪನ ಮುಖ ನೋಡಿದ, ನಗಲಿಲ್ಲ.

ಅಪ್ಪ ಎದ್ದುಹೋಗಿ ಕ್ಯಾನಿನ ನೀರನ್ನು ಬೊಗಸೆಯಲ್ಲಿ ಕುಡಿದ. ನಿಂತ. ನನ್ನ ಕಡೆ ತಿರುಗಿದ. ನನ್ನ ಲಂಗದ ಅಂಚು ಇನ್ನೂ ಒದ್ದೆಯಾಗಿತ್ತು. ಆಗ ನನಗೆ ಅಮ್ಮನ ಎರಡು ಕೊಡಗಳು ನೆನಪಾದವು. ಅಪ್ಪನ ಲಾರಿಯನ್ನು ನಾನೇ ಮೋರಿಗೆ ಚೆಲ್ಲಿದ್ದೆ.

ಅಪ್ಪ ಬಂದು ಕೂತು, "ಗಡುಸು ನೀರು ಕಣವ್ವ. ಬೆಳಿಗ್ಗೆ ನಾನೇ ಮರ್ತು ಬದ್ಲಾಯ್ಸ್‌ಬುಟ್ಟಿವ್ನಿ" ಅಂದ.

"ನಾಗಮಂಗ್ಲದ ಮಣ್ಣಲ್ಲಿ ಉಟ್ಟೋನ್ಗೆ ನೀರು ಗೊತ್ತಾಗ್ನಿಲ್ವಾ?" ಅಜ್ಜಿಯ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ, ಬೇಸರವಿತ್ತು. "ಇನ್ನೇನು, ಕಟ್ಟು ಗಂಟ."

"ಮುದ್ದೆ ಇಳುದ್ರೆ ಅಂದೆ ನೀನು. ಕಾಳು ಬೇಯ್ಬೇಕು ಅಂದ್ಯಾ? ಕುಂತ್ಕೊ ಒಸಿ."

ಅಪ್ಪ ಕಾಳು ಬಸಿದ. ಕಟ್ಟನ್ನು ಒಂದು ಕಡೆ ಇಟ್ಟ. ಅರೆಬೆಂದ ಕಾಳಿಗೆ ಸುಟ್ಟ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಕೊಬ್ಬರಿಚೂರು ಸೇರಿಸಿ ಕುಟ್ಟಾಣಿಯನ್ನು ಸಿದ್ದಣ್ಣನ ಮುಂದಿಟ್ಟ. "ಕುಟ್ಟು, ನಮ್ ಲಾರಿ ಓನರ್ನ ನೆನುಸ್ಕಂಡು ಕುಟ್ಟು." ಸಿದ್ದಣ್ಣ ಕುಟ್ಟಿದ ರಭಸಕ್ಕೆ ಕಲ್ಲಾದ ಹುರುಳಿಯೂ ನುಣ್ಣಗಾಯಿತು. ಅರ್ಧ ಚಟ್ನಿಯನ್ನು ಕಟ್ಟಿಗೆ ಕದಡಿ ಈರುಳ್ಳಿ ಒಗ್ಗರಣೆ ಹಾಕಿದ, ಇನ್ನರ್ಧ ಹಾಗೇ. ಆಮೇಲೆ ಮುದ್ದೆ. ಸ್ಟೌವಿನ ಮೇಲೆ ತೊಳಸಿದರೆ ಅದೇ ಉರುಳಿಬೀಳುತ್ತದೆ. ಅದಕ್ಕೇ ಹಿಟ್ಟು ಬೆಂದ ಡಬರಿಯನ್ನು ಗೋಣಿಯ ಸಿಂಬಿಯ ಮೇಲಿಳಿಸಿ, ಸಿದ್ದಣ್ಣ ಬಟ್ಟೆ ಸುತ್ತಿದ ಎರಡು ಪಾದಗಳಿಂದ ಅದನ್ನು ಅದುಮಿ ಹಿಡಿದ, ಅಪ್ಪ ಎರಡೂ ಕೈಯಲ್ಲಿ ಕೋಲು ತಿರುವಿದ. ಅಜ್ಜಿ ತಡೆಯಲಾರದೆ, "ಗಂಟಾಯ್ತದೆ, ಬಲಕ್ಕೆ ತಿರುವ್ಲಾ" ಅಂದಳು. ಅಪ್ಪ ಬಲಕ್ಕೇ ತಿರುವುತ್ತಿದ್ದ.

ಅಜ್ಜಿ ಮೊದಲ ಮುದ್ದೆಯನ್ನು ನುಂಗಿದಳು. ತಟ್ಟೆ ಮುಂದೆ ಮಾಡಿದಳು. ಅಪ್ಪ ಎರಡನೆಯದನ್ನು ಇಟ್ಟ. ಅದು ಅರ್ಧವಾದಾಗ ನಿಲ್ಲಿಸಿ ನೀರು ಕುಡಿದಳು. ನಾವು ಮೂವರೂ ಅವಳ ಕೈಯನ್ನೇ ನೋಡುತ್ತಿದ್ದೆವು. ಅವಳು ಬೆರಳಿನಿಂದ ತಟ್ಟೆಯ ಅಂಚಿನ ಚಟ್ನಿಯನ್ನು ಬಳಿದು, ಉಳಿದ ಅರ್ಧ ಮುದ್ದೆಯನ್ನೂ ಮುಗಿಸಿ, ತಟ್ಟೆಯಲ್ಲೇ ಕೈ ತೊಳೆದಳು. "ಉಪ್ಪು ಒಂಚೂರು ಕಮ್ಮಿ" ಅಂದಳು. ಸೆರಗಿನಲ್ಲಿ ಬಾಯೊರೆಸಿಕೊಂಡಳು. ಆಮೇಲೆ, ಅವನು ಲಾರಿ ಹತ್ತಿದಾಗಿನಿಂದ ಒಂದು ಸಲವೂ ಕೇಳದಿದ್ದುದನ್ನು ಕೇಳಿದಳು:

"ಎಷ್ಟ್ ದಿನ್ಕೆ ಬತ್ತೀಯ?"

ಡಬರಿಯ ತಳ ಕೆರೆಯುತ್ತಿದ್ದ ಅಪ್ಪನ ಕೈ ನಿಂತಿತು. "ಒಂಬತ್ತು ದಿನಕ್ಕೆ ಕಣವ್ವ" ಅಂದ.

ಶ್ರೀರಂಗಪಟ್ಟಣದಲ್ಲಿ ನಮ್ಮನ್ನು ಬಸ್ಸು ಹತ್ತಿಸಿ ಅವನು ಹೋದ. ಬಸ್ಸು ಪಾಂಡವಪುರ ದಾಟುವವರೆಗೆ ಅಜ್ಜಿ ಎಲೆಗೆ ಸುಣ್ಣ ಹಚ್ಚುವುದರಲ್ಲೇ ಇದ್ದಳು. ನನಗೆ ತಡೆಯಲಾಗಲಿಲ್ಲ. "ಅಜ್ಜಿ, ಹೊಳೆ ನೀರು ಚೆಲ್ಲಿ, ಚೆಂಬಲ್ಲಿ ಬೇರೆ ತುಂಬಿಸಿದ್ದು ನಾನು" ಅಂದೆ. "ಗೊತ್ತು" ಅಂದಳು. "ನಿಮ್ಮಪ್ಪಂಗೆ ಸುಳ್ಳು ಏಳಕ್ ಬರಾಕಿಲ್ಲ, ಕಿವಿ ಕೆಂಪಗಾಯ್ತದೆ." ಎಲೆ ಬಾಯಿಗಿಟ್ಟುಕೊಂಡು, ಸ್ವಲ್ಪ ದೂರ ಹೋದ ಮೇಲೆ, "ಅಷ್ಟ್ ದೊಡ್ ಕ್ಯಾನ್ಗೆ ಚೆಂಬಲ್ಲಿ ತುಂಬುಸ್ದಾ? ಕೈ ನೋಯ್ತಾ ಅದಾ?" ಎಂದು ನನ್ನ ತೋಳನ್ನು ಮಡಿಲಿಗೆಳೆದುಕೊಂಡು ತಿಕ್ಕಿದಳು. ಊರು ಬರುವಷ್ಟರಲ್ಲಿ ನಾನು ನಿದ್ದೆ ಹೋಗಿದ್ದೆ.

ಅಪ್ಪ ಆಮೇಲೆ ಎಷ್ಟೋ ವರ್ಷ ಲಾರಿ ಓಡಿಸಿದ. ಪ್ರತಿ ಸಲ ಬಂದಾಗ ಅಜ್ಜಿ ಕಂಬಕ್ಕೊರಗಿ ಕೂತು, ಎಲ್ಲೆಲ್ಲಿ ಏನೇನು ಬೇಯಿಸಿದೆ ಎಂದು ವರದಿ ಕೇಳುತ್ತಿದ್ದಳು. ಸೊಲ್ಲಾಪುರದಲ್ಲಿ ಬದನೆಕಾಯಿ, ಧುಳೆಯ ಹತ್ತಿರ ಹೆಸರುಕಾಳು, ಸೂರತ್ತಿನಲ್ಲಿ ಮೆಂತ್ಯದ ಸೊಪ್ಪು. ಹೀಗೆ ಶ್ರೀರಂಗಪಟ್ಟಣದಾಚೆ ಕಾಲಿಡದ ಅಜ್ಜಿಗೆ ಆ ದಾರಿ ಉದ್ದಕ್ಕೂ ಬಾಯಿಪಾಠವಾಗಿತ್ತು. ರೇಡಿಯೋದವರು ಸೊಲ್ಲಾಪುರದಲ್ಲಿ ಭಾರಿ ಮಳೆ ಅಂದರೆ, "ಅಯ್ಯೋ, ಬದ್ನೇಕಾಯ್ಗೆ ಉಳ ಬೀಳ್ತದಲ್ಲ" ಎಂದು ಲೊಚಗುಟ್ಟುವಳು. ಅಮ್ಮ, ನಾನು ಮುಖ ಮುಖ ನೋಡಿಕೊಂಡು ನಗುವೆವು.

ಮೊದಲು ಅಜ್ಜಿ ಹೋದಳು, ಆಮೇಲೆ ಸಿದ್ದಣ್ಣ, ಆಮೇಲೆ ಅಪ್ಪ, ಹೋದ ವರ್ಷ ಅಮ್ಮ. ಕಳೆದ ವಾರ ಟೀವಿಯಲ್ಲಿ ಸೊಲ್ಲಾಪುರದ ಮಳೆ ತೋರಿಸುತ್ತಿದ್ದರು. "ಬದನೆಕಾಯಿಗೆ ಹುಳ ಬೀಳುತ್ತೆ" ಎಂದು ನನ್ನ ಬಾಯಿಂದ ತಾನಾಗಿ ಬಂತು. ಮಗಳು ಪುಸ್ತಕದಿಂದ ತಲೆಯೆತ್ತಿ, "ಯಾವ ಬದನೆಕಾಯಮ್ಮ?" ಎಂದು ಕೇಳಿದಳು. ನಾನು ಟೀವಿಯ ಸದ್ದು ತಗ್ಗಿಸಿ, ಸೀಮೆಎಣ್ಣೆ ಸ್ಟೌವಿನ ವಾಸನೆಯಿಂದ ಶುರುಮಾಡಿದೆ.