ಗೆಲ್ಲಲೂ ಹೆದರಿಕೆ, ಸೋಲಲೂ ಹೆದರಿಕೆ

"ಮಾಸ್ತರ್ರ, ಅವರನ್ನ ಸೋಲಿಸಬ್ಯಾಡ್ರಿ. ಗೆಲ್ಲಾಕೂ ಬಿಡಬ್ಯಾಡ್ರಿ."

ಕಳೆದ ರವಿವಾರ ಸವಣೂರಿನಿಂದ ಬಸ್ಸು ಹಿಡಿದು ಶಿಗ್ಗಾಂವಿಗೆ, ಗೆಳೆಯ ಚನ್ನಬಸಪ್ಪನವರ ಮನೆಗೆ ಹೋಗಿದ್ದೆ. ಹೊಸ್ತಿಲಲ್ಲೇ ಅವರ ಹೆಂಡತಿ ಸಂಗವ್ವನವರು ತಡೆದು ಹೀಗಂದರು.

ಜೋಳದ ವ್ಯಾಪಾರಿ ಚನ್ನಬಸಪ್ಪನವರಿಗೆ ಎರಡು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತು. ಸಿಟ್ಟು ಬರಬಾರದು, ಖುಷಿಯೂ ಹೆಚ್ಚಾಗಬಾರದು ಎಂದು ಹುಬ್ಬಳ್ಳಿಯ ಡಾಕ್ಟರರ ಅಪ್ಪಣೆ. ಇವರೋ, ಚೆಸ್ಸಿನಲ್ಲಿ ಸೋತರೆ ಹಲಗೆ ಎತ್ತಿ ಒಗೆಯುವವರು. ಗೆದ್ದರೆ ಇಡೀ ಓಣಿಗೆ ಕೇಳುವಂತೆ ಕೂಗುವವರು.

ಇನ್ನುಳಿದದ್ದೇನು? ಡ್ರಾ! (ಬೇಕೆಂದಾಗ ಡ್ರಾ ಮಾಡುವಷ್ಟು ಆಟ ನನಗೆಲ್ಲಿ ಬರಬೇಕು?)

ಅವರು ಕಾಯಿ ಜೋಡಿಸಿಕೊಂಡೇ ಕೂತಿದ್ದರು. "ಬರ್ರಿ, ಕುಂದರ್ರಿ. ಎರಡು ತಿಂಗಳಾತು, ಒಬ್ರೂ ಆಟಕ್ಕ ಬಂದಿಲ್ಲ."

ಮೈ ಅರ್ಧ ಇಳಿದಿತ್ತು. ಕುತ್ತಿಗೆಯ ನರ ಹೊಡೆದುಕೊಳ್ಳುವುದು ಎದ್ದು ಕಾಣುತ್ತಿತ್ತು. ನಾನು ಆಟ ಎಲ್ಲಿ ನೋಡಿದೆ? ಆ ನರವನ್ನೇ ನೋಡುತ್ತ ಕಾಯಿ ನಡೆಸಿದೆ. ಅವರ ಆನೆ ನನ್ನ ಕುದುರೆಯ ಬಾಯಿಗೆ ಬಂತು. ಹೊಡೆದರೆ? ನರ ಉಬ್ಬಿದರೆ? ಬಿಟ್ಟುಬಿಟ್ಟೆ.

"ಯಾಕ್ರೀ, ಆನಿ ಕಾಣ್ಲಿಲ್ಲೇನು?" ದನಿ ಏರಿತು. ಕೈ ಎದೆಗೆ ಹೋಯಿತು.

ಇಲ್ಲೇ, ನನ್ನ ಕಣ್ಣೆದುರೇ, ನನ್ನಿಂದಲೇ ಆಗಿಹೋಗುತ್ತದೆಯೇ? ಬಾಗಿಲ ಮರೆಯಲ್ಲಿ ಸಂಗವ್ವನವರ ಬಳೆ ಸದ್ದಾಯಿತು.

"ಚಷ್ಮಾ ತಂದಿಲ್ರಿ," ಎಂದೆ. (ಚಷ್ಮಾ ಮೂಗಿನ ಮೇಲೇ ಇತ್ತು.)

ಅವರು ಎದೆಯ ಜೇಬಿನಿಂದ ಕರವಸ್ತ್ರ ತೆಗೆದು ಬೆವರು ಒರೆಸಿಕೊಂಡರು. ಅಷ್ಟೇ! ನನ್ನ ಉಸಿರು ಮಾತ್ರ ತಿರುಗಿ ಬರಲು ಹೊತ್ತು ಹಿಡಿಯಿತು.

ಆಮೇಲೆ ಕಾಯಿಗೆ ಕಾಯಿ ಹೊಡೆಸುತ್ತ ಹೋದೆ. ಒಂದು ತಾಸಿನಲ್ಲಿ ಹಲಗೆಯ ಮೇಲೆ ಉಳಿದದ್ದು ಇಬ್ಬರು ರಾಜರು. ಡ್ರಾ. ನನ್ನ ಅಂಗಿ ಬೆನ್ನಿಗೆ ಅಂಟಿತ್ತು.

ಚನ್ನಬಸಪ್ಪನವರು ಸಣ್ಣಗೆ ನಕ್ಕರು. "ನಿಮ್ಮ ಮಂತ್ರಿ ಎರಡು ಸಲ ನನ್ನ ಕೈಗೆ ಸಿಕ್ಕಿದ್ದ. ನಾನೂ ಹೊಡೀಲಿಲ್ಲ."

"ಯಾಕ್ರಿ?"

"ಗೆದ್ದು ಕೂಗಿದ್ರ ನೀವು ಹೆದರಿ ಎದ್ದು ಹೋಗ್ತಿದ್ರಿ. ತಿರುಗಿ ಬರ್ತಿದ್ದಿಲ್ಲ. ಸಾವಿನ ಹೆದರಿಕಿ ರೂಢಿ ಆಗೇತ್ರಿ ಮಾಸ್ತರ್ರ. ದಿನಾ ಹಿಂಗ ಒಬ್ಬನೇ ಕುಂದ್ರೂದಕ್ಕ ಹೆದರತೇನಿ."

ನಾನು ತಲೆ ತಗ್ಗಿಸಿದೆ. 'ಪಾಪ, ಅವರಿಗೆ ಶ್ರಮ ಆಗಬಾರದು' ಎಂದು ಎರಡು ತಿಂಗಳು ದೂರ ಉಳಿದವರಲ್ಲಿ ನಾನೂ ಒಬ್ಬ. ಕಾಯಿ ಮತ್ತೆ ಜೋಡಿಸಿದೆ.

ರೋಗಿಯ ಎದೆಗೆ ಅಂಜಿ ದೂರ ಉಳಿಯುವ ನಾವು, ನಿಜವಾಗಿ ಕಾಪಾಡಿಕೊಳ್ಳುವುದು ಯಾರ ಎದೆಯನ್ನು?