ಗಾಜಿನ ಮೂಲೆಯ ಅಂಕಿ

ನನಗೆ ಎಣಿಸುವ ಚಟವಿದೆ. ಮನೆಯಿಂದ ಬಸ್ ಸ್ಟಾಪಿಗೆ ಎಷ್ಟು ಹೆಜ್ಜೆ, ವಾರಕ್ಕೆ ಎಷ್ಟು ಚಹಾ, ಎಲ್ಲವೂ ಡೈರಿಯಲ್ಲಿದೆ. ಹೋದ ವರ್ಷದಿಂದ ಇನ್ನೊಂದು ಲೆಕ್ಕ ಸೇರಿದೆ: ಲ್ಯಾಬಿನಲ್ಲಿ ಡಿಎನ್‌ಎ ಓದುವ ಯಂತ್ರದ ಗಾಜುಗಳನ್ನು ಎಷ್ಟು ಸಲ ತೊಳೆದೆ ಎಂಬುದು.

"ಮನ್ಯಾಗ ಒಂದ್ ಲೋಟ ತೊಳಿಯಂಗಿಲ್ಲ, ಅಲ್ಲಿ ಗಾಜು ತೊಳಿಲಿಕ್ಕೆ ಎಂ.ಎಸ್ಸಿ. ಮಾಡೀಯೇನು?" ಎನ್ನುತ್ತಾಳೆ ಅವ್ವ.

ಅವಳಿಗೇನು ಗೊತ್ತು! ಇಲ್ಲಿ ಸೋಪು ಮುಟ್ಟಿಸುವಂತಿಲ್ಲ, ಬಟ್ಟೆಯಿಂದ ಒರೆಸುವಂತಿಲ್ಲ. ಬಿಸಿನೀರು, ಆಮೇಲೆ ಶುದ್ಧ ನೀರು, ಆಮೇಲೆ ನಿಲ್ಲಿಸಿ ಒಣಗಿಸುವುದು. ಎರಡು ಗಾಜುಗಳ ನಡುವೆ ಹರಿಯುವ ಡಿಎನ್‌ಎಯನ್ನು ಯಂತ್ರ ಲೇಸರ್ ಬೆಳಕಿನಲ್ಲಿ ಓದುತ್ತದೆ. ಆ ಬೆಳಕಿಗೆ ಧೂಳೂ ಹೊಳೆಯುತ್ತದೆ, ಬೆರಳಿನ ಜಿಡ್ಡೂ ಹೊಳೆಯುತ್ತದೆ. ಯಂತ್ರಕ್ಕೆ ಎಲ್ಲವೂ ಒಂದೇ.

ಗಾಜುಗಳು ಅದಲುಬದಲಾಗಿ ಲೆಕ್ಕ ತಪ್ಪುತ್ತದೆಂದು ಒಂದು ಗುರುವಾರ ನನಗೊಂದು ಜಾಣತನ ಹೊಳೆಯಿತು. ಮೂವತ್ತೊಂದನೇ ತೊಳೆತ ಮುಗಿದ ಮೇಲೆ ಗಾಜಿನ ಮೂಲೆಯಲ್ಲಿ ಮಾರ್ಕರ್ ಪೆನ್ನಿನಿಂದ '೩೧' ಎಂದು ಬರೆದೆ. ಅಂಕಿ ಸೊಟ್ಟಗಾಯಿತು. ಅಂಗೈಯಿಂದ ಒರೆಸಿ ಮತ್ತೆ ಬರೆದೆ.

ಅವತ್ತು ಯಂತ್ರದೊಳಗೆ ಇಟ್ಟದ್ದು ಶಿರೂರಿನ ಒಂದು ಮಗುವಿನ ಮಾದರಿ. ಹುಟ್ಟಿನಿಂದಲೇ ಬಂದ ರೋಗದಿಂದ ಮಗು ತೀರಿಕೊಂಡು ಮೂರು ತಿಂಗಳಾಗಿತ್ತು. ತಾಯಿ ಮತ್ತೆ ಬಸುರಿ. ಆ ರೋಗ ಈ ಕೂಸಿಗೂ ಬರುವುದೇ ಎಂದು ತಿಳಿಯಲು ಮೊದಲ ಮಗುವಿನ ಡಿಎನ್‌ಎಯೇ ಬೇಕು. ಇದ್ದದ್ದು ಒಂದೇ ಹನಿ.

ಶುಕ್ರವಾರ ನೋಡಿದರೆ ಪರದೆಯ ಮೇಲೆ ಡಿಎನ್‌ಎಯ ಅಕ್ಷರಗಳೇ ಇಲ್ಲ, ಅಡ್ಡಲಾಗಿ ಹರಡಿದ ಬೆಳಕು. ನಾನು ಒರೆಸಿದ ಶಾಯಿ, ಕಣ್ಣಿಗೆ ಕಾಣದಷ್ಟು ತೆಳ್ಳಗೆ, ಗಾಜಿನ ತುಂಬ ಹೊಳೆದಿತ್ತು. ನಮ್ಮ ಲ್ಯಾಬಿನ ಹಿರಿಯರಾದ ಧಾರವಾಡದ ಸುಮಿತ್ರಾಬಾಯಿ ಬಹಳ ಹೊತ್ತು ನೋಡಿ, "ತೊಳದದ್ದು ಛಲೋನ ಅದವಾ. ಬರದದ್ದ ತಪ್ಪು" ಎಂದರು.

ಓದು ಕೆಟ್ಟಾಗ ಫೋನಿನಲ್ಲಿ ಹೇಳಲು ನಮ್ಮಲ್ಲಿ ಒಂದು ಸಿದ್ಧ ವಾಕ್ಯವಿದೆ. ಮಗುವಿನ ತಂದೆಗೆ ಫೋನ್ ಮಾಡಿದಾಗ ಗಾಬರಿಯಲ್ಲಿ ಅದೇ ಬಾಯಿಗೆ ಬಂತು: "ಮಗುವಿನ ರಕ್ತ ಇನ್ನೊಮ್ಮೆ ಕಳಸ್ಬೇಕಾಗ್ತದ್ರಿ."

ಬೆಳಗಾವಿ ಕಡೆಯ ಮನುಷ್ಯ, ಶಿರೂರಿನಲ್ಲಿ ಗುಮಾಸ್ತ. ಬೈಯಲಿಲ್ಲ. ವಿಳಾಸ ಕೇಳುವವನ ಹಾಗೆ ಕೇಳಿದ: "ಎಲ್ಲಿಂದ ತರ್ಲಿರೀ, ಮೇಡಂ?"

ನನ್ನ ತಪ್ಪೆಂದು ಹೇಳಿದೆ. ಆತ "ಹೌದ್ರಿ" ಎಂದು ಫೋನ್ ಇಟ್ಟ.

ಈಗಲೂ ಎಣಿಸುತ್ತೇನೆ, ಡೈರಿಯಲ್ಲಿ ಮಾತ್ರ. ಮೂವತ್ತರ ನಂತರ ಮೂವತ್ತೆರಡು ಇದೆ. ಒಣಗಿದ ಗಾಜನ್ನು ಕಿಟಕಿಯ ಬೆಳಕಿಗೆ ಹಿಡಿದು ನನ್ನದೇನಾದರೂ ಅದರ ಮೇಲೆ ಉಳಿದಿದೆಯೇ ಎಂದು ನೋಡುತ್ತೇನೆ. ಏನೂ ಕಾಣದಿದ್ದರೆ, ಅವತ್ತು ಕೆಲಸ ಮಾಡಿದ್ದೇನೆ ಎಂದು ತಿಳಿಯುತ್ತೇನೆ.