ಬೆನ್ನೋನ ಎಡಬದಿ

ಗಾರೆ ಮೇಸ್ತ್ರಿ ಕ್ವಿರಿನ್‌ಗೆ ಐವತ್ತೆಂಟು ವರ್ಷ. ಚರ್ಚಿನ ಗೋಡೆಯ ಮೇಲೆ ಗಾರೆಯಲ್ಲಿ ಚಿಪ್ಪು, ಸುರುಳಿ, ನೊರೆಗಳ ಅಲಂಕಾರ ಮೂಡಿಸುವುದರಲ್ಲಿ ಇಡೀ ಬವೇರಿಯಾದಲ್ಲೇ ತನಗೆ ಸಾಟಿಯಿಲ್ಲ ಎಂದು ಅವನ ನಂಬಿಕೆ. ಮೂವತ್ತು ವರ್ಷ ದಿನವೂ ಈ ನಂಬಿಕೆಯನ್ನು ಅಲ್ಲಗಳೆಯುತ್ತಿದ್ದವನು ಜೊತೆಗಾರ ಬೆನ್ನೋ. ಕಳೆದ ಫೆಬ್ರವರಿಯಲ್ಲಿ ಬೆನ್ನೋ ಕೆಮ್ಮಿ ಕೆಮ್ಮಿ ಸತ್ತ. ಅಲ್ಲಗಳೆಯುವವರಿಲ್ಲದೆ ಆ ನಂಬಿಕೆಯೂ ಸೊರಗುತ್ತಿತ್ತು.

ಯಾವ ಚರ್ಚಿನ ಕಮಾನಾದರೂ ಬಲಬದಿ ಕ್ವಿರಿನ್‌ನದು, ಎಡಬದಿ ಎಡಚನಾದ ಬೆನ್ನೋನದು. ಅಚ್ಚಿಲ್ಲ, ಅಳತೆಯಿಲ್ಲ, ಹಸಿ ಗಾರೆಯ ಮೇಲೆ ಕರಣೆ ಓಡಿದ್ದೇ ದಾರಿ. ಗಾರೆ ಬೇಗ ಗಟ್ಟಿಯಾಗದಿರಲೆಂದು ಒಂದು ಮಗ್ಗು ಹುಳಿ ಬಿಯರ್ ಸುರಿಯುವುದು ವಾಡಿಕೆ. ಅದರಲ್ಲಿ ಅರ್ಧ ಬೆನ್ನೋನ ಹೊಟ್ಟೆ ಸೇರುತ್ತಿತ್ತು. ಎರಡು ಬದಿ ಒಂದನ್ನೊಂದು ಹೋಲುತ್ತಿರಲಿಲ್ಲ. ಹೋಲದಿರುವುದೇ ಹದಿನೆಂಟನೆಯ ಶತಮಾನದ ಆ ಕಾಲಕ್ಕೆ ಚೆಂದ.

ಊರ ಚರ್ಚಿನ ಬಲಿಪೀಠದ ಮೇಲಿನ ಕಮಾನು ಅವರ ಕೊನೆಯ ಜೋಡಿ ಕೆಲಸ. ಬಲಕ್ಕೆ ಕ್ವಿರಿನ್‌ನ ಚಿಪ್ಪು, ಹುಂಜದಂತೆ ಎದೆ ಸೆಟೆಸಿಕೊಂಡು. ಎಡಕ್ಕೆ ಬೆನ್ನೋನದು, ಗಾಳಿಗೆ ಸಿಕ್ಕ ಒಗೆದ ಬಟ್ಟೆಯಂತೆ ಒಂದೇ ಕಡೆ ವಾಲಿ, ತುದಿಯಲ್ಲಿ ಇನ್ನೇನು ಉದುರೀತು ಎಂಬಂಥ ಒಂದು ಗಾರೆಯ ಹನಿ.

ವಸಂತದಲ್ಲಿ ಹೊಸ ಪಾದ್ರಿ ಬಂದರು. ಮ್ಯೂನಿಕ್‌ನಲ್ಲಿ ಓದಿದವರು, ಬರುವಾಗ ಎರಡು ಪೆಟ್ಟಿಗೆ ಪುಸ್ತಕವನ್ನೂ ಒಂದೇ ಒಂದು ಅಭಿಪ್ರಾಯವನ್ನೂ ತಂದಿದ್ದರು: ದೇವರಿಗೆ ಸಮತೂಕವೇ ಇಷ್ಟ.

"ಇದ್ರಲ್ಲಿ ನಿಮ್ದು ಯಾವ್ದು ಮೇಸ್ತ್ರಿ?" ಎಂದರು, ಕತ್ತೆತ್ತಿ.

ಮೂವತ್ತು ವರ್ಷದ ಅಭ್ಯಾಸ, ಬಾಯಿ ತಾನೇ ನುಡಿಯಿತು: "ಚೆನ್ನಾಗಿರೋದು ನಂದು ಸ್ವಾಮಿ. ಕೆಟ್ಟದ್ದು ಬೆನ್ನೋದು."

ಯಾರು ಕೇಳಿದರೂ ಕ್ವಿರಿನ್ ಹೇಳುತ್ತಿದ್ದುದು ಇದನ್ನೇ. ಪಕ್ಕದಲ್ಲೇ ನಿಂತ ಬೆನ್ನೋ, "ಹೆಣದ ಥರ ಬಿಗ್ಕೊಂಡಿರೋದು ಅವಂದು, ಉಸಿರಾಡ್ತಿರೋದು ನಂದು" ಎಂದು ಮುಗಿಸುತ್ತಿದ್ದ. ಈ ಸಲ ಮುಗಿಸುವವರಿರಲಿಲ್ಲ.

"ಸರಿ ಹಾಗಾದ್ರೆ, ಕೆಟ್ಟದ್ದನ್ನ ಕೆಡವಿ, ಇನ್ನೊಂದರ ಥರಾನೇ ಮಾಡ್ಬಿಡಿ," ಎಂದರು ಪಾದ್ರಿ. "ಆಗಸ್ಟ್ ತಿಂಗಳ ದೇವಮಾತೆಯ ಹಬ್ಬದ ಹೊತ್ತಿಗೆ ಎರಡೂ ಒಂದೇ ಥರ ಇರ್ಬೇಕು."

"ಸ್ವಾಮಿ, ಅದು ನಾವು ತಮಾಷೆಗೆ..."

"ದೇವರ ಮನೇಲಿ ಎಂಥ ತಮಾಷೆ? ನಿಮ್ ಕೈಲಾಗದಿದ್ರೆ ಹೇಳಿ, ಬೇರೆಯವರನ್ನ ಕರೆಸ್ತೀನಿ."

ಆ ಸಂಜೆ ಹೆಂಡದಂಗಡಿಯಲ್ಲಿ, ಸುದ್ದಿ ಆಗಲೇ ಕಿವಿಗೆ ಬಿದ್ದಿದ್ದ ಒಡತಿ ವಾಲ್ಬುರ್ಗಾ ಬ್ರೆಡ್ಡಿನ ಕಡುಬನ್ನು ತಟ್ಟೆಗೆ ಕುಕ್ಕಿದಳು. "ಬದುಕಿದ್ದಾಗ ಬೈದಿದ್ದು ಸಾಲ್ದಾ ಮೇಸ್ತ್ರಿ? ಈಗ ಒಡಿಯೋಕೂ ನೀನೇ ಹೋಗ್ತೀಯಾ?"

"ನಾನೇನ್ಮಾಡ್ಲಿ? ಬಾಯಿಂದ ಬಂದ್ಬಿಡ್ತು."

"ಬಾಯಿಂದ ಬಂದದ್ದನ್ನ ಕೈಯಿಂದ ಸರಿಮಾಡು. ಇಲ್ದಿದ್ರೆ ನನ್ನ ಕಡುಬು ಮುಟ್ಬೇಡ."

ಬೆನ್ನೋ ಕೂರುತ್ತಿದ್ದ ಎದುರಿನ ಬೆಂಚು ಖಾಲಿಯಿತ್ತು. ಹೊಗಳಿಕೊಳ್ಳಲು ಎದುರಾಳಿಯೇ ಇಲ್ಲದ ಮೇಲೆ ಇಡೀ ಬವೇರಿಯಾ ಕಟ್ಟಿಕೊಂಡು ಮಾಡುವುದಾದರೂ ಏನು ಎಂದು ಕ್ವಿರಿನ್‌ಗೆ ಮೊದಲ ಬಾರಿ ಅನ್ನಿಸಿತು. ಕಡುಬು ಹಾಗೆಯೇ ತಣ್ಣಗಾಯಿತು.

ಬೆಳಿಗ್ಗೆ ಅಟ್ಟಣಿಗೆ ಏರಿ, ಸುತ್ತಿಗೆ ಎತ್ತಿ, ಬಲಗಡೆಯ ತನ್ನದೇ ಹುಂಜದ ಎದೆಗೆ ಹೊಡೆದ. ಮೂರು ಹೊಡೆತಕ್ಕೆ ಅವನ ಅತ್ಯುತ್ತಮ ಕೃತಿ ನೆಲದಲ್ಲಿ ಪುಡಿಯಾಗಿ ಬಿದ್ದಿತ್ತು. ನೋಡಿದವರು ಯಾರೂ ಇಲ್ಲ. ಇದ್ದಿದ್ದರೆ ಇನ್ನೂ ಕಷ್ಟವಾಗುತ್ತಿತ್ತು.

ಬೆನ್ನೋನ ಚಿಪ್ಪನ್ನು ನೋಡಿ ನೋಡಿ ಎದುರು ಬದಿಗೆ ಅಂಥದೇ ಇನ್ನೊಂದನ್ನು ಕಟ್ಟತೊಡಗಿದ. ಒಂದು ಸಲ ಕುಸಿಯಿತು, ಎರಡು ಸಲ ಕುಸಿಯಿತು. ಮೂರನೆಯ ಸಲಕ್ಕೆ ಗಾರೆಗೆ ಸುರಿಯಬೇಕಾದ ಬಿಯರಿನಲ್ಲಿ ಅರ್ಧ ತಾನೇ ಕುಡಿದು, ಬೆನ್ನೋನ ಚಿಪ್ಪಿಗೆ ಬೆನ್ನು ಹಾಕಿ ನಿಂತು ಕರಣೆ ಓಡಿಸಿದ. ಕೈ ಸಲೀಸಾಗಿ ಓಡಿತು. ಮೂವತ್ತು ವರ್ಷ ಅವನು ಎಡಬದಿಗೆ ಮೂಗು ಮುರಿಯುತ್ತಿದ್ದಾಗ ಅವನ ಕೈ ಮಾತ್ರ ಕದ್ದು ನೋಡುತ್ತಿತ್ತೇನೋ. ತುದಿಯ ಆ ಹನಿಯೊಂದು ಮಾತ್ರ ಬರಲಿಲ್ಲ. ಎಷ್ಟು ಸಲ ಹಚ್ಚಿದರೂ ಉದುರಿಹೋಯಿತು. ಹಬ್ಬದ ಹಿಂದಿನ ದಿನ ಅದನ್ನು ಬಿಟ್ಟು ಇಳಿದ.

ಹಬ್ಬದ ದಿನ ವಾಡಿಕೆಯಂತೆ ಹೆಂಗಸರು ಗಿಡಮೂಲಿಕೆಯ ಕಟ್ಟುಗಳಿಗೆ ಆಶೀರ್ವಾದ ಪಡೆದು ಹೊರಟ ಮೇಲೆ ಪಾದ್ರಿ ಕಮಾನನ್ನು ಪರೀಕ್ಷಿಸಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಯಾವುದು ಹಳೆಯದು, ಯಾವುದು ಹೊಸದು ಎಂಬುದು ಅವರಿಗೆ ನೆನಪಿರಲಿಲ್ಲ. "ನೋಡಿದ್ರಾ? ಸಮ ಇದ್ರೆ ಎಷ್ಟು ಲಕ್ಷಣ! ಕೆಟ್ಟದ್ದನ್ನೇ ಕೆಡವಿದ್ರಿ ತಾನೆ?"

"ಹೌದು ಸ್ವಾಮಿ. ಕೆಟ್ಟದ್ದನ್ನೇ."

ಪಾದ್ರಿ ಸಮತೂಕದ ಹೆಜ್ಜೆ ಹಾಕುತ್ತ ಊಟಕ್ಕೆ ಹೋದರು. ಖಾಲಿ ಚರ್ಚಿನಲ್ಲಿ ಕ್ವಿರಿನ್ ಒಬ್ಬನೇ ಕತ್ತೆತ್ತಿ ಕೂತ.

"ಚೆನ್ನಾಗಿರೋದು ನಿಂದು ಕಣೋ," ಎಂದ, ಗಟ್ಟಿಯಾಗಿ.

ಆಮೇಲೆ ಅಭ್ಯಾಸಬಲದಿಂದ ಸ್ವಲ್ಪ ಹೊತ್ತು ಕಾದ. ಅಲ್ಲಗಳೆಯುವವರು ಯಾರೂ ಇರಲಿಲ್ಲ. ಎಡಗಡೆ, ಮೇಲೆ, ಆ ಹನಿ ಮಾತ್ರ ಇನ್ನೂ ಉದುರಿರಲಿಲ್ಲ.